ಹಂಡನನ್ನು ಯಾರೂ ತಿನ್ನದ ನೆಲ

ಹತ್ತಿರ ಬನ್ನಿ, ಕೂತ್ಕೊಳ್ಳಿ. ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲ, ಯಾವುದೋ ಒಂದು ಸೀಮೆ. ಅಲ್ಲೊಬ್ಬ ಗಾಡಿಯವನು, ಬರಮ ಅಂತ. ಅವನಿಗೆ ಎರಡು ಎತ್ತು, ಹಂಡ ಮತ್ತು ಮೈಲ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಆ ಎತ್ತುಗಳೇ ಅವನ ಮನೆಮಂದಿ.

ಒಂದು ಬೆಳಗ್ಗೆ ಹಂಡ ಏಳಲಿಲ್ಲ. ಸತ್ತ ದನವನ್ನು ಊರಾಚೆ ಬಯಲಲ್ಲಿ ಬಿಟ್ಟುಬರೋದು ಆ ಸೀಮೆಯ ಪದ್ಧತಿ. ಬರಮ ಒಪ್ಪಲಿಲ್ಲ. "ನನಗ ಅನ್ನ ಹಾಕಿದ ಮೈ ಇದು. ಇದನ್ನ ಯಾರೂ ತಿನ್ನಬಾರದು" ಅಂದ. ಊರವರು ಕೈಹಾಕಿ ಹಂಡನನ್ನು ಗಾಡಿಗೇರಿಸಿದರು. ನೊಗದ ಒಂದು ಕಡೆ ಮೈಲ, ಇನ್ನೊಂದು ಕಡೆಗೆ ತಾನೇ ಹೆಗಲು ಕೊಟ್ಟು, ಯಾರೂ ತಿನ್ನದ ನೆಲ ಹುಡುಕುತ್ತ ಹೊರಟ.

ಬೋಳುಗುಡ್ಡ ಬಂತು. ಮೇಲೆ ರಣಹದ್ದುಗಳು. "ನನ್ನ ಹಂಡನ್ನ ಮುಟ್ಟದ ಇರ್ತೀರೇನು?" ಅಂತ ಕೇಳಿದ.

"ನಾವು ಆಕಾಶದಿಂದ ಬರ್ತೀವಿ. ಹೊತ್ತು ಮುಳುಗೋದರೊಳಗ ಎಲುಬು ಬಿಟ್ಟು ಎಲ್ಲಾ ಮುಗಿಸ್ತೀವಿ" ಅಂದವು. ಬರಮ ಮುಂದೆ ಹೋದ.

ಕಾಡು ಬಂತು. ತರಗೆಲೆಯಡಿ ಹುಳು, ಅಣಬೆ. ಅದೇ ಮಾತು ಕೇಳಿದ. "ನಾವು ನೆಲದೊಳಗಿಂದ ಬರ್ತೀವಿ. ನಮಗ ಅವಸರ ಇಲ್ಲ. ಮಳೆ ಬಂದು ಹೋಗೋದರೊಳಗ ಮಣ್ಣು ಮಾಡ್ತೀವಿ." ಮುಂದೆ ಹೋದ.

ಕೆರೆ ಬಂತು. ಏಡಿ, ಮೀನು ತಲೆಯೆತ್ತಿದವು. "ನಾವು ಸುತ್ತಲಿಂದ ಬರ್ತೀವಿ. ಚೂರು ಚೂರೇ ಹಂಚ್ಕೋತೀವಿ." ಮತ್ತೂ ಮುಂದೆ ಹೋದ. ಹೋಗದೆ ಏನು ಮಾಡ್ಯಾನು, ನೀವೇ ಹೇಳಿ?

ಕೊನೆಗೆ ಬೆಳ್ಳಗಿನ ಉಪ್ಪಿನ ಬಯಲು. ಹದ್ದಿಲ್ಲ, ಹುಳುವಿಲ್ಲ, ನೊಣವೂ ಇಲ್ಲ. ಉಪ್ಪು ಕೆರೆಯುತ್ತಿದ್ದ ನೀಲವ್ವ ಅನ್ನೋ ಮುದುಕಿ ಒಬ್ಬಳೇ.

"ಅವ್ವಾ, ಇಲ್ಲಿ ಸತ್ತದ್ದನ್ನ ಯಾರು ತಿಂತಾರ?"

"ಯಾರೂ ಇಲ್ಲಪ್ಪಾ. ಸತ್ತದ್ದು ಸತ್ತಂಗ ಇರ್ತದ."

ಬರಮ ಸಂತೋಷದಿಂದ ಅತ್ತುಬಿಟ್ಟ. ಹಂಡನಿಗೆ ಕಟ್ಟಿದ್ದ ಹಗ್ಗ ಬಿಚ್ಚಲು ಕೈಹಾಕಿದ. ಆಗಲೇ ಮೈಲ ಮೊಣಕಾಲೂರಿ ಬಿದ್ದ. ಹಸಿವು ಕಣ್ರಪ್ಪಾ! ದಾರಿಯಲ್ಲಿ ಎಲ್ಲೂ ಮೇಯೋಕೆ ಬಿಟ್ಟಿರಲಿಲ್ಲವಲ್ಲ.

"ಒಂದು ಹಿಡಿ ಹುಲ್ಲು ಎಲ್ಲಿ ಸಿಗ್ತದವ್ವಾ?"

"ಹುಲ್ಲಾ? ಸತ್ತದ್ದು ಮಣ್ಣಾಗದ ಕಡೆ ಹುಲ್ಲು ಎಲ್ಲಿಂದ ಬರಬೇಕೋ ಮಗಾ?"

ಬರಮ ಸತ್ತವನನ್ನು ನೋಡಿದ. ಬದುಕಿದ್ದವನನ್ನು ನೋಡಿದ. ನೀಲವ್ವ ತನ್ನ ಬುತ್ತಿಯ ರೊಟ್ಟಿಯನ್ನು ಮೈಲನ ಬಾಯಿಗಿಟ್ಟಳು. ಅವನು ನಡುಗುತ್ತ ಎದ್ದ. ಗಾಡಿ ಹಿಂದಕ್ಕೆ ತಿರುಗಿತು.

ಕಾಡಿನಂಚಲ್ಲಿ ತರಗೆಲೆ ಸರಿಸಿ, ಗಾಡಿ ಓರೆಮಾಡಿ ಹಂಡನನ್ನು ಇಳಿಸಿದ. ಕೋಡು ಸವರಿದ. "ತಿನ್ರಿ" ಅಂದ ನೆಲಕ್ಕೆ. "ಸಾವಕಾಶ ತಿನ್ರಿ. ಭಾಳ ಒಳ್ಳೇವಾ ಇದ್ದ."

ಪಕ್ಕದಲ್ಲೇ ಎಳೆಹುಲ್ಲು. ಮೈಲ ಬಾಯಿ ಹಾಕಲಿಲ್ಲ, ಹಂಡನನ್ನೇ ನೋಡುತ್ತ ನಿಂತಿದ್ದ. ಬರಮ ಒಂದು ಹಿಡಿ ಕಿತ್ತು ಅವನ ಬಾಯಿಗಿಟ್ಟ.

"ತಿನ್ನೋ ತಮ್ಮಾ. ಇದೂ ಯಾರದೋ ಹಂಡನೇ."

ಮೈಲ ತಿಂದ. ಬರಮ ಬಿಕ್ಕಿ ಬಿಕ್ಕಿ ಅತ್ತ. ಕಥೆ ಅವರ ಹತ್ತಿರವೇ ಉಳೀತು, ನಾವು ಇಲ್ಲಿ ಕೂತಿದ್ದೀವಿ. ಎದ್ದು ಹೋಗುವಾಗ ಹುಲ್ಲಿನ ಮೇಲೆ ಮೆಲ್ಲಗೆ ಕಾಲಿಡಿ.