ಕೂಸುಗಳ ಹತ್ತಿರ ಕಲಿತದ್ದು

ಮೂವತ್ತೆಂಟರ ವಯಸ್ಸಿಗೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲವೆಂದು ಮಂಜುಶ್ರೀ ಜರ್ಮನ್ ಪಾಠದ ಪುಸ್ತಕ ಮುಚ್ಚಿದಳು. ಮಹದೇವಪುರದ ಬಸ್‌ಸ್ಟಾಪಿನಲ್ಲಿ ಪಕ್ಕದ ಹೆಂಗಸರಿಬ್ಬರ ಮಾತು ಕಿವಿಗೆ ಬಿತ್ತು.

"ಹಣಮವ್ವ, ಒಡಿಶಾದ ಬಿಲ್ಡಿಂಗ್ ಕೆಲಸದೋರ ಮಕ್ಕಳನ್ನ ನೋಡ್ಕೊಳ್ಳೋಕೆ ಒಡಿಯಾ ಬರೋರೇ ಬೇಕು ಅಂದಿದ್ರಲ್ಲ, ನಿನ್ ಕೆಲ್ಸ ಉಳೀತಾ?"

"ಉಳೀತ್ರಿ ಪಿಳ್ಳಮ್ಮಾರ. ಎರಡು ವರ್ಷದಾಗ ನಾನೂ ಕಲ್ತೀನಲ್ರೀ."

"ಐವತ್ತಾರಕ್ಕಾ! ಯಾರು ಕಲಿಸಿದ್ರು?"

"ಆ ಕೂಸುಗಳೇ ರೀ. ಅದಕ್ಕ ಅವುಗಳಂಗೇ ತೊದಲತೀನಿ. ಅವರವ್ವಂದಿರು ಬಿದ್ದು ಬಿದ್ದು ನಗ್ತಾರ."

"ನಾಚ್ಕೆ ಆಗಲ್ವಾ?"

"ಯಾಕ್ರೀ? ಒಡಿಯಾದಾಗ ನನಗ ಇನ್ನೂ ಎರಡೇ ವರ್ಷ. ಎರಡು ವರ್ಷದ ಕೂಸು ಇದಕ್ಕಿಂತ ಚೆಂದ ಮಾತಾಡತೈತೇನು?"

ಅವರ ಬಸ್ಸು ಬಂತು. ಇಬ್ಬರೂ ನಗುತ್ತ ಹತ್ತಿಹೋದರು.

ಜರ್ಮನ್ ಭಾಷೆಯಲ್ಲಿ ಮೂರು ತಿಂಗಳ ಹಸುಗೂಸಾದ ಮಂಜುಶ್ರೀ ಮತ್ತೆ ಪುಸ್ತಕ ತೆರೆದಳು.