ಮೆಟ್ಟಿಲಿಲ್ಲದ ಗೆರೆ

ಹೆಸರು, ವಿಳಾಸ: ಠಾಣೆಯ ನಮೂನೆಯ ಮೊದಲ ಕಲಮಿನಲ್ಲಿ ಬರೆದಂತೆ.
ವಯಸ್ಸು: 46 ವರ್ಷ.
ಉದ್ಯೋಗ: ಸರ್ಕಾರಿ ಎದೆರೋಗ ಆಸ್ಪತ್ರೆಯಲ್ಲಿ ಶ್ವಾಸ ಪರೀಕ್ಷೆಯ ತಂತ್ರಜ್ಞೆ, 21 ವರ್ಷಗಳ ಸೇವೆ.
ವಾಸ: ಆಸ್ಪತ್ರೆಯ ಹಿಂಭಾಗದ ಸಿಬ್ಬಂದಿ ವಸತಿ, ಎರಡನೇ ಮಹಡಿ, ತಾಯಿಯೊಂದಿಗೆ.

ನಾನು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 16-6ರಂದು ಇದೇ ಠಾಣೆಯಲ್ಲಿ ಅರ್ಧ ಪುಟದ ಹೇಳಿಕೆ ಕೊಟ್ಟಿರುತ್ತೇನೆ. ನಾಲ್ಕನೇ ರೋಗಿಯ ಬದಲು ಅವರ ಹೆಂಡತಿ ಶ್ವಾಸ ಪರೀಕ್ಷೆಯ ಯಂತ್ರ ಊದುತ್ತಿದ್ದ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಅದರಲ್ಲಿ ಹೇಳಿದ್ದೆನು. ಅದು ಸುಳ್ಳು. ಇಂದು ಬೆಳಿಗ್ಗೆ 10.20ಕ್ಕೆ ಯಾರೂ ಕರೆಯದೆ ನಾನಾಗಿಯೇ ಬಂದು ಈ ಎರಡನೇ ಹೇಳಿಕೆ ಬರೆಸುತ್ತಿದ್ದೇನೆ.

ನಮ್ಮ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಶ್ವಾಸಕೋಶ ಕಸಿ ಕಾರ್ಯಕ್ರಮ ಕಳೆದ ವರ್ಷ 9-1ರಂದು ಆರಂಭವಾಯಿತು. ಅದಕ್ಕೂ ಮೊದಲು ಈ ಕಾಯಿಲೆಯವರಲ್ಲಿ ದುಡ್ಡಿದ್ದವರು ಹೊರದೇಶಕ್ಕೆ ಹೋಗುತ್ತಿದ್ದರು, ಉಳಿದವರು ನನ್ನ ಕೋಣೆಗೆ ಬರುವುದನ್ನು ಒಂದು ದಿನ ನಿಲ್ಲಿಸುತ್ತಿದ್ದರು. ಈ ವರ್ಷದ ಏಪ್ರಿಲ್ ಕೊನೆಯ ಹೊತ್ತಿಗೆ ಆರು ಜನಕ್ಕೆ ಕಸಿ ಆಗಿತ್ತು. ನಾವು ಅವರನ್ನು ಹೆಸರಿನಿಂದಲ್ಲ, ಶಸ್ತ್ರಚಿಕಿತ್ಸೆಯ ಸಂಖ್ಯೆಯಿಂದ ಕರೆಯುತ್ತೇವೆ. ಅವರೂ ಹಾಗೇ ಕರೆದುಕೊಳ್ಳುತ್ತಾರೆ. ಒಂದನೆಯವರು ಎಲೆಕ್ಟ್ರಿಷಿಯನ್, ನಾವು ಎಷ್ಟು ಬೈದರೂ ಕಂಬ ಹತ್ತುತ್ತಾರೆ. ಎರಡನೆಯವರು ಒಂಬತ್ತನೇ ದಿನ ಸೋಂಕಿನಿಂದ ತೀರಿಕೊಂಡರು. ಐದನೆಯವರು 2-4ರಂದು ತೀರಿಕೊಂಡರು. ಮೂರನೆಯವರು, ಆರನೆಯವರು ಚೆನ್ನಾಗಿದ್ದಾರೆ.

ನಾಲ್ಕನೆಯವರು ಬಸ್ ಡಿಪೋದ ನಿವೃತ್ತ ಟೈಂ ಕೀಪರ್, ವಯಸ್ಸು 58. ನಾನು ಪರೀಕ್ಷೆಗೆ ನಾಲ್ಕು ನಿಮಿಷ ತಡವಾಗಿ ಕರೆದರೂ ಗೋಡೆ ಗಡಿಯಾರ ನೋಡಿ ಒಂದು ಸಲ ಕೆಮ್ಮುತ್ತಿದ್ದರು. ಕಳೆದ ವರ್ಷ 17-8ರಂದು ಅವರ ಎಡ ಶ್ವಾಸಕೋಶವನ್ನು ಮಾತ್ರ ಬದಲಾಯಿಸಿ, ಬಲಗಡೆಯ ಹಳೆಯದನ್ನು ಹಾಗೇ ಬಿಡಲಾಗಿತ್ತು. ಈ ವಿಷಯ ಮುಖ್ಯವಾದುದರಿಂದ ಸಾಹೇಬರು ಇದನ್ನು ಬಿಡದೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಕಸಿಯಾದ ಪ್ರತಿಯೊಬ್ಬರ ಮನೆಗೂ ಅಂಗೈಯಗಲದ ಊದುವ ಯಂತ್ರ ಕೊಟ್ಟಿರುತ್ತೇವೆ. ಅವರು ಬೆಳಿಗ್ಗೆ 7ಕ್ಕೆ ಮೂರು ಸಲ ಊದಬೇಕು. ಮೂರರಲ್ಲಿ ಹೆಚ್ಚಿನ ಅಂಕಿಯೂ ಉಸಿರಿನ ಗೆರೆಯೂ ಮೊಬೈಲ್ ಮೂಲಕ ನನ್ನ ಕಂಪ್ಯೂಟರಿಗೆ ಬರುತ್ತವೆ. ಎರಡು ದಿನ ಸತತವಾಗಿ ಅಂಕಿ ಇಳಿದರೆ ಗಂಟೆ ಬಾರಿಸುತ್ತದೆ. ಆದರೆ ಕಂಪ್ಯೂಟರ್ ನೋಡುವುದು ಅಂಕಿಯನ್ನು ಮಾತ್ರ. ಗೆರೆಯನ್ನು ನೋಡಿ, ಸರಿಯಾಗಿದೆ ಎಂದು ಸಹಿ ಹಾಕುವುದು ನಾನು ಒಬ್ಬಳೇ. ನಾಲ್ಕನೆಯವರ ಹೊಸ ಶ್ವಾಸಕೋಶ ಬೇಗ ಖಾಲಿಯಾಗುತ್ತಿತ್ತು, ಹಳೆಯದು ನಿಧಾನವಾಗಿ ಖಾಲಿಯಾಗುತ್ತಿತ್ತು. ಆದ್ದರಿಂದ ಅವರ ಗೆರೆ ಇಳಿಯುವಾಗ ನಡುವೆ ಒಂದು ಮೆಟ್ಟಿಲು ಇರುತ್ತಿತ್ತು. ಆರು ಜನರಲ್ಲಿ ಬೇರೆ ಯಾರಿಗೂ ಅದಿಲ್ಲ. ನೂರು ಗೆರೆಗಳ ನಡುವೆ ಇಟ್ಟರೂ ನಾನು ಅವರದನ್ನು ಹೆಕ್ಕಿ ಕೊಡಬಲ್ಲೆ.

ದಿನಾಂಕ 12-4ರಂದು ಬೆಳಿಗ್ಗೆ 11ಕ್ಕೆ ಎರಡನೇ ಮಹಡಿಯ ಪಾಠದ ಕೋಣೆಯಲ್ಲಿ ರೋಗಿಗಳ ಸಭೆ ನಡೆಯಿತು. ರೋಗಿಗಳಿಂದ ಏನನ್ನೂ ಮುಚ್ಚಿಡಬಾರದೆಂಬುದು ನಮ್ಮ ಮುಖ್ಯ ಶಸ್ತ್ರವೈದ್ಯರ ಹಟ. ಆದ್ದರಿಂದ ರಾಷ್ಟ್ರೀಯ ಸಮಿತಿಯ ನಿಯಮವನ್ನು ಅವರಿಗೂ ಓದಿ ಹೇಳಿದರು. ಮೊದಲ ಆರರಲ್ಲಿ ಮೂವರು ಕಸಿಯಾಗಿ ವರ್ಷದೊಳಗೆ ತೀರಿಕೊಂಡರೆ ಹೊಸ ಶಸ್ತ್ರಚಿಕಿತ್ಸೆಗಳನ್ನು ನಿಲ್ಲಿಸಿ ಪರಿಶೀಲನೆ ನಡೆಸತಕ್ಕದ್ದು ಎಂದು ಆ ನಿಯಮ. ಆಗ ಇಬ್ಬರು ಹೋಗಿದ್ದರು. ಇನ್ನು ಮುಂದೆ ಸಾಯುವುದಕ್ಕೂ ರಜಾ ಚೀಟಿ ಬರೆದು ಕೊಡಬೇಕೇನು ಎಂದು ಒಂದನೆಯವರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆನು. ನಾಲ್ಕನೆಯವರು ನಗಲಿಲ್ಲ. ಪರಿಶೀಲನೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರು. ಕಡಿಮೆಯೆಂದರೂ ಮೂರು ತಿಂಗಳು ಎಂದು ಉತ್ತರ ಬಂತು. ಬದುಕಿಸಲು ಹೊರಟ ನಾವೇ, ನಿಮ್ಮ ಸಾವು ಇನ್ನೊಬ್ಬರ ಲೆಕ್ಕಕ್ಕೆ ಬರುತ್ತದೆ ಎಂದು ರೋಗಿಗಳ ಮುಖಕ್ಕೇ ಹೇಳಿದೆವು. ಅದು ತಪ್ಪೆಂದು ಆ ದಿನ ನಮಗಾರಿಗೂ ಹೊಳೆಯಲಿಲ್ಲ.

ಆ ಕೋಣೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಗಾಲಿಯ ಮೇಲಿನ ಆಮ್ಲಜನಕದ ಸಿಲಿಂಡರ್ ಜೊತೆ, ಪಟ್ಟಿಯಲ್ಲಿ ಏಳನೆಯವಳು ಕೂತಿದ್ದಳು. ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 28. ಅವಳಿಗೆ ಉಳಿದಿರುವುದು ಎರಡು ತಿಂಗಳು, ಹೆಚ್ಚೆಂದರೆ ಎರಡೂವರೆ ಎಂದು ವೈದ್ಯರು ಹೇಳಿದ್ದರು. ನಾಲ್ಕನೆಯವರೂ ಅವಳೂ ತಪಾಸಣೆಯ ದಿನಗಳಲ್ಲಿ 42 ಮೀಟರಿನ ಕಾರಿಡಾರಿನಲ್ಲಿ ಒಟ್ಟಿಗೆ ನಡೆಯುವ ವ್ಯಾಯಾಮ ಮಾಡುತ್ತಿದ್ದರು. ಅವಳು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದಳು, ಅವರು ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ಸುತ್ತು ಎಣಿಸುವುದರಲ್ಲಿ ಅವರು ಮೋಸ ಮಾಡುತ್ತಾರೆಂದು ಅವಳು ನನ್ನ ಬಳಿ ದೂರುತ್ತಿದ್ದಳು.

ದಿನಾಂಕ 21-5ರಂದು ಬೆಳಿಗ್ಗೆ 7.40ಕ್ಕೆ ನಾಲ್ಕನೆಯವರ ಗೆರೆ ತೆರೆದೆನು. ಅಂಕಿ 1.66 ಲೀಟರ್, ಹಿಂದಿನ ದಿನ 1.68. ಗಂಟೆ ಬಾರಿಸಲಿಲ್ಲ. ಗೆರೆಯಲ್ಲಿ ಮೆಟ್ಟಿಲಿರಲಿಲ್ಲ. ಎರಡೂ ಕಡೆ ಗಟ್ಟಿಯಿರುವ ಮನುಷ್ಯ ಬೇಕೆಂದೇ ಉಸಿರನ್ನು ಬಿಗಿಹಿಡಿದು ಊದಿದ ಗೆರೆ ಅದು. 7.52ಕ್ಕೆ ಅವರ ಮನೆಗೆ ಫೋನ್ ಮಾಡಿದೆನು. ಅವರ ಹೆಂಡತಿ ಎತ್ತಿಕೊಂಡು ಅವರಿಗೆ ಕೊಟ್ಟರು. ಚೆನ್ನಾಗಿದ್ದೀರಾ ಎಂದು ಕೇಳಿದೆನು. ಚೆನ್ನಾಗಿದ್ದೇನೆ ಎಂದರು. ಏಪ್ರಿಲಿನಲ್ಲಿ ಒಂದೇ ಉಸಿರಿಗೆ ಡಿಪೋದ ಹದಿನಾಲ್ಕು ಬಸ್ಸುಗಳ ವೇಳೆ ಒಪ್ಪಿಸುತ್ತಿದ್ದ ಮನುಷ್ಯ ಆ ದಿನ ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಕೂಡಲೇ ಆಸ್ಪತ್ರೆಗೆ ಬನ್ನಿ ಎಂದೆನು. ಅವರು ಅದಕ್ಕೆ ಉತ್ತರ ಕೊಡದೆ ಇನ್ನೊಂದು ಕೇಳಿದರು. ಅದನ್ನು ಅವರ ಮಾತಿನಲ್ಲೇ ಬರೆಸುತ್ತೇನೆ.

"ಮೇಡಂ, ಟೀಚರಮ್ಮಂಗೆ... ಯಾವಾಗ ಆಗುತ್ತೆ?"

ದಾನಿ ಸಿಕ್ಕಿದ ದಿನ ಎಂದೆನು. "ಹಾಗಾದ್ರೆ ಅಲ್ಲಿವರೆಗೂ... ನೀವು ನೋಡ್ಲಿಲ್ಲ ಅಂದ್ಕೊಳ್ಳಿ," ಎಂದರು. ಫೋನ್ ಇಟ್ಟರು. ಮಾತುಕತೆ 3 ನಿಮಿಷಕ್ಕಿಂತ ಕಡಿಮೆ.

ನಾನು ಮೇಲ್ವಿಚಾರಕರಿಗೆ ಹೇಳಬೇಕಿತ್ತು. ಅವರ ಕೋಣೆ ನನ್ನ ಕೋಣೆಯಿಂದ ಇಪ್ಪತ್ತು ಹೆಜ್ಜೆ. ನಾನು ಏಳಲಿಲ್ಲ. ಸರಿಯಾಗಿದೆ ಎಂಬ ಕಲಮಿನಲ್ಲಿ ಸಹಿ ಹಾಕಿದೆನು. ಆ ದಿನದಿಂದ 11-6ರವರೆಗೆ 22 ಸಹಿ ಹಾಕಿರುತ್ತೇನೆ. 30-5ರ ತಪಾಸಣೆಗೆ ಬರಲಾಗುವುದಿಲ್ಲ, ಅಣ್ಣನ ಮನೆಯಲ್ಲಿ ಕೆಲಸವಿದೆ ಎಂದು ಅವರ ಹೆಂಡತಿ ಫೋನ್ ಮಾಡಿದಾಗ 13-6ಕ್ಕೆ ಮುಂದೂಡಿ ಬರೆದುಕೊಂಡವಳೂ ನಾನೇ. ಅವರಿಗೆ ಅಣ್ಣನೇ ಇಲ್ಲವೆಂಬುದು ನನಗೆ ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ ಗೆರೆ ತೆರೆಯುವ ಮೊದಲು, ಇಂದು ಮೆಟ್ಟಿಲು ಇರಲಿ ಎಂದು ಬೇಡಿಕೊಳ್ಳುತ್ತಿದ್ದೆನು. ಅದೇ ಬಾಯಲ್ಲಿ ಟೀಚರಮ್ಮನಿಗೆ ದಾನಿ ಸಿಗಲಿ ಎಂದೂ ಬೇಡುತ್ತಿದ್ದೆನು.

ದಿನಾಂಕ 3-6ರಂದು ಬಂದ ಅಂಕಿ 2.31. ಕಸಿಯಾದ ಮೇಲೆ ಅವರ ಹೆಸರಿನಲ್ಲಿ ಅಷ್ಟು ಎಂದೂ ಬಂದಿರಲಿಲ್ಲ. ಕಂಪ್ಯೂಟರ್ ಹಸಿರು ಬಣ್ಣ ತೋರಿಸಿತು. ಗೆರೆ ಮಾತ್ರ ಮೂರು ಕಡೆ ತುಂಡಾಗಿತ್ತು. ಅಳುವವರು ಊದಿದರೆ ಗೆರೆ ಹೇಗೆ ಬರುತ್ತದೆಂದು 21 ವರ್ಷದಲ್ಲಿ ಕಲಿತಿದ್ದೇನೆ. ಆ ದಿನ ನಾನು ಫೋನ್ ಮಾಡಲಿಲ್ಲ. ಮಾಡಿದ್ದರೆ ಯಾರಾದರೂ ಹೇಳಿಬಿಡುತ್ತಿದ್ದರು. ಮರುದಿನ ಮತ್ತೆ 1.67 ಬಂತು. ಅವರು ತೀರಿಕೊಂಡದ್ದು ನನಗೆ ತಿಳಿದಿರಲಿಲ್ಲ ಎಂದು ಕಾನೂನಿನ ಪ್ರಕಾರ ಹೇಳಬಹುದು. ಆದರೆ ಆಮೇಲಿನ ಎಂಟು ದಿನ ಬೆಳಿಗ್ಗೆ ಆ ಗೆರೆಯನ್ನು ಉಳಿದೆಲ್ಲರದ್ದು ಆದ ಮೇಲೆ ತೆರೆಯುತ್ತಿದ್ದೆನು. ಮನೆಯಲ್ಲಿ ಊಟಕ್ಕೆ ಕೂತಾಗ, ಯಾಕೆ ಉಸಿರು ಬಿಗಿಹಿಡಿದುಕೊಂಡು ಕೂತಿದ್ದೀಯ ಎಂದು ಅಮ್ಮ ಎರಡು ಸಲ ಕೇಳಿದರು.

ದಿನಾಂಕ 8-6ರಂದು ಕಾರ್ಯಕ್ರಮದ ಮೊದಲ ಫಲಿತಾಂಶಗಳ ವರದಿ ಸಮಿತಿಗೆ ಹೋಯಿತು. ಆರರಲ್ಲಿ ನಾಲ್ವರು ಬದುಕಿದ್ದಾರೆ ಎಂದು ಅದರಲ್ಲಿದೆ. ಹನ್ನೊಂದನೇ ಪುಟದಲ್ಲಿ, ಉತ್ತಮ ಚೇತರಿಕೆಗೆ ಉದಾಹರಣೆಯಾಗಿ, 2.31ರ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಅದನ್ನು ಪರಿಶೀಲಿಸಿದವರ ಜಾಗದಲ್ಲಿ ನನ್ನ ಸಹಿ ಇದೆ.

ದಿನಾಂಕ 11-6ರಂದು ಬೆಳಿಗ್ಗೆ 10.15ಕ್ಕೆ ದಾನಿ ಸಿಕ್ಕಿದ ಸುದ್ದಿ ಬಂತು. ಮಧ್ಯಾಹ್ನ 2.30ಕ್ಕೆ ಟೀಚರಮ್ಮನನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದರು. ರಾತ್ರಿ 8.50ಕ್ಕೆ ಮುಗಿಯಿತು. ಮರುದಿನ 12-6ರಂದು 7 ಗಂಟೆಗೆ ನಾಲ್ಕನೆಯವರ ಮನೆಯಿಂದ ಅಂಕಿ ಬರಲಿಲ್ಲ.

ಅದೇ ದಿನ 9.30ಕ್ಕೆ ಅವರ ಹೆಂಡತಿ ನನ್ನ ಕೋಣೆಗೆ ಬಂದರು. ಹೊಲಿಗೆ ಕೆಲಸದವರು, ವಯಸ್ಸು 53. 38 ಕಿಲೋಮೀಟರ್, ಎರಡು ಬಸ್ ಬದಲಾಯಿಸಿ ಬಂದಿದ್ದರು. ಯಂತ್ರವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, ಟೀಚರಮ್ಮ ಎಚ್ಚರವಾದಳೇ ಎಂದು ಕೇಳಿದರು. ಸಂಜೆ ಗಂಟಲಿನ ಕೊಳವೆ ತೆಗೆಯುತ್ತಾರೆ ಎಂದೆನು.

"ಹಾಗಾದ್ರೆ ಬರ್ಕೊಳ್ಳಿ. ನಮ್ಮನೆಯವರು ಮೂರನೇ ತಾರೀಕು ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಹೋದ್ರು."

ಆಮೇಲೆ ಅವರು ನಿಧಾನವಾಗಿ ಎಲ್ಲ ಹೇಳಿದರು. ಮೇ 21ರಿಂದ ಅವರೇ ಊದುತ್ತಿದ್ದರು. ಅವರ ಉಸಿರು ಗಂಡನಿಗಿಂತ ದೊಡ್ಡದು. ಆದ್ದರಿಂದ ಕಡಿಮೆ ಊದುವುದನ್ನು ಕಲಿಯಬೇಕಾಯಿತು. ಗಂಡ ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ಸಾಕು ಎನ್ನುವ ಕಡೆ ಬೆರಳು ಎತ್ತುತ್ತಿದ್ದರಂತೆ. ಆಸ್ಪತ್ರೆಗೆ ಹೋಗೋಣ ಎಂದು ಇವರು ದಿನವೂ ಜಗಳವಾಡಿದರಂತೆ. ಅಲ್ಲಿ ಹೋಗಿ ಸತ್ತರೆ ಲೆಕ್ಕ ಮೂರಾಗುತ್ತದೆ, ಟೀಚರಮ್ಮನದು ಆಗಲಿ, ಮರುದಿನವೇ ಹೋಗೋಣ, ಅಲ್ಲಿಯವರೆಗೆ ನಾನೇನು ಓಡಿಹೋಗುತ್ತೇನೆಯೇ ಎಂದು ಗಂಡ ನಗುತ್ತಿದ್ದರಂತೆ. ಮೂರನೇ ತಾರೀಕಿನ ಗೆರೆಯ ಬಗ್ಗೆ ನಾನು ಕೇಳಲಿಲ್ಲ. ಅವರಾಗಿಯೇ ಹೇಳಿದರು.

"ಹೊರಗೆ ಜನ ಕೂತಿದ್ರು. ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಊದಿದೆ. ಬೆರಳು ಎತ್ತೋರು ಇರ್ಲಿಲ್ಲ, ಮೇಡಂ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ."

11ರಂದು ಒಳಗೆ ಹೋಗುವ ಮೊದಲು ಟೀಚರಮ್ಮ ಅವರಿಗೆ ಫೋನ್ ಮಾಡಿ, ದೊಡ್ಡಪ್ಪನಿಗೆ ಕೊಡಿ ಎಂದು ಕೇಳಿದ್ದಳಂತೆ. ಮಲಗಿದ್ದಾರೆ ಎಂದು ಇವರು ಹೇಳಿದರಂತೆ. ಇಷ್ಟು ಹೇಳಿ ಎದ್ದು ನಿಂತು, ಇದೆಲ್ಲ ನಾನು ಒಬ್ಬಳೇ ಮಾಡಿದ್ದು, ನಿಮಗೇನೂ ಗೊತ್ತಿರಲಿಲ್ಲ, ಯಾರು ಕೇಳಿದರೂ ಹಾಗೆಯೇ ಹೇಳಿ ಎಂದು ನನಗೆ ಹೇಳಿಕೊಟ್ಟು ಹೋದರು. 16-6ರಂದು ನಾನು ಇಲ್ಲಿ ಒಪ್ಪಿಸಿದ್ದು ಆ ಪಾಠವನ್ನೇ.

12-6ರಿಂದ ಹೊಸ ಶಸ್ತ್ರಚಿಕಿತ್ಸೆ ನಿಂತಿದೆ. ಮುಖ್ಯ ಶಸ್ತ್ರವೈದ್ಯರು 14-6ರಂದು ನಾಲ್ಕನೆಯವರ ಹೆಂಡತಿಯ ಮೇಲೆ ದೂರು ಕೊಟ್ಟರು. ಮೇ ತಿಂಗಳಲ್ಲೇ ತಿಳಿದಿದ್ದರೆ ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳಲು ಅವಕಾಶವಿತ್ತು ಎಂದು ಅವರು ಸಿಬ್ಬಂದಿ ಸಭೆಯಲ್ಲಿ ಹೇಳುವಾಗ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆನು. ಪಟ್ಟಿಯಲ್ಲಿ ಎಂಟನೆಯವರು ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವರು. ದಿನ ಬಿಟ್ಟು ದಿನ ನನ್ನ ಬಾಗಿಲಿಗೆ ಬಂದು, ಮತ್ತೆ ಯಾವಾಗ ಶುರುವಾಗುತ್ತದೆ ಎಂದು ಕೇಳುತ್ತಾರೆ. ಅವರಿಗೂ ಮೂರು ತಿಂಗಳು ಕಾಯುವಷ್ಟು ಉಸಿರಿಲ್ಲ.

ನಿನ್ನೆ 25-6ರಂದು ಬೆಳಿಗ್ಗೆ 11.10ಕ್ಕೆ ಟೀಚರಮ್ಮನನ್ನು ಗಾಲಿ ಕುರ್ಚಿಯಲ್ಲಿ ಮೊದಲ ಊದುವ ಪರೀಕ್ಷೆಗೆ ಕರೆತಂದರು. ಅಂಕಿ 1.94. ಗೆರೆ ಸ್ವಚ್ಛವಾಗಿತ್ತು. ಅವಳು ಅದನ್ನು ನೋಡಿ ನಕ್ಕಳು, ನಗುವುದಕ್ಕೆ ಉಸಿರು ಉಳಿದಿತ್ತು. ದೊಡ್ಡಪ್ಪನ ಮುಂದಿನ ತಪಾಸಣೆ ಯಾವತ್ತು, ತನ್ನದನ್ನೂ ಅದೇ ದಿನಕ್ಕೆ ಹಾಕಿ ಎಂದು ಕೇಳಿದಳು. ನಾಲ್ಕು ವಾರ ಅವಳಿಗೆ ವಿಷಯ ತಿಳಿಸಬಾರದೆಂದು ವೈದ್ಯರ ಆದೇಶವಿದೆ. ನಾನು ನೋಡಿ ಹೇಳುತ್ತೇನೆ ಎಂದೆನು. ಅವಳು ಹೋದ ಮೇಲೆ ಸಹಿ ಹಾಕಲು ಪೆನ್ನು ಹಿಡಿದರೆ ಕೈ ಬರಲಿಲ್ಲ. ಆ ಗೆರೆಯಲ್ಲಿ ತಪ್ಪೇನೂ ಇರಲಿಲ್ಲ.

ಆದ್ದರಿಂದ ನಾನು ಕೋರುವುದೇನೆಂದರೆ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳ ತಲೆಗೇ ಇದೆಲ್ಲವನ್ನೂ ಕಟ್ಟಬಾರದು. ಅವರಿಗೆ ಗಂಡನ ಮಾತಿತ್ತು. ನನಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಗಿಲಿತ್ತು. ಈ ಕಾಗದದ ಮೇಲ್ಭಾಗದಲ್ಲಿ ನನ್ನನ್ನು ಸಾಕ್ಷಿ ಎಂದು ಬರೆದಿದ್ದರೆ ಅದನ್ನು ತಿದ್ದಬೇಕು. ಟೀಚರಮ್ಮನಿಗೆ ವೈದ್ಯರು ತಿಳಿಸುವವರೆಗೆ ಈ ಠಾಣೆಯಿಂದ ಯಾರೂ ಅವಳ ಬಳಿ ಹೋಗಬಾರದು.

ಹೇಳಿಕೆ ಬರೆದುಕೊಳ್ಳುತ್ತಿರುವ ಸಾಹೇಬರು ಕೊನೆಯದಾಗಿ, ಇನ್ನೊಮ್ಮೆ ಅಂಥ ಗೆರೆ ಬಂದರೆ ಹೇಳುತ್ತೀರೋ, ಸಹಿ ಹಾಕುತ್ತೀರೋ ಎಂದು ಕೇಳಿದರು. ಹೇಳುತ್ತೇನೆ ಎಂದೆನು. ಅವರು ಬರೆಯುವ ಮೊದಲೇ, ಸಹಿ ಹಾಕುತ್ತೇನೆ ಎಂದೆನು. ಎರಡನ್ನೂ ಬರೆಯಿರಿ ಎಂದು ಕೇಳಿಕೊಂಡೆನು. ಒಂದು ಪ್ರಶ್ನೆಗೆ ಒಂದೇ ಉತ್ತರ ಬರೆಯಲು ಬರುತ್ತದೆ ಎಂದರು. ಹಾಗಾದರೆ ಆ ಸಾಲನ್ನು ಖಾಲಿ ಬಿಡಿ ಎಂದೆನು.

ಉತ್ತರ: ______________________

ಖಾಲಿ ಬಿಟ್ಟ ಈ ಒಂದು ಸಾಲಿನ ಹೊರತು ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ. ಓದಿಸಿ ಕೇಳಿದ್ದೇನೆ. ನಿಜ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 26-6, ಮಧ್ಯಾಹ್ನ 12.45
ಸಹಿ