ನೀಲಿ ಚೀಟಿ ಮುಗಿದ ದಿನ

ಆ ಬಾಗಿಲು ಹಾಕಿ ಮಾರಾಯ್ರೆ, ಮತ್ತೆ ಹೇಳುತ್ತೇನೆ. ನಗುವವರು ಈಗಲೇ ಎದ್ದು ಹೋಗಿ. ಇದು ನನ್ನ ಚಿಕ್ಕಪ್ಪನ ಮಗ ರೋನಿಗೆ ಆದದ್ದು. ಕಾಪುವಿನಲ್ಲಿ, ಹೋದ ಮಳೆಗಾಲ.

ರೋನಿಗೆ ಗೋದಾಮಿನಲ್ಲಿ ಕೆಲಸ. ಮಿಶ್ರಲೋಹದ ಪುಡಿಯನ್ನು ಡ್ರಮ್ಮಿಗೆ ತುಂಬಿಸಿ ಹಡಗಿಗೆ ಕಳುಹಿಸುವುದು. ಒಂದು ಜಾತಿಯ ಪುಡಿಗೆ ನೀರು ತಾಗಿದರೆ ಗ್ಯಾಸ್ ಏಳುತ್ತದೆ, ಡ್ರಮ್ಮೇ ಸಿಡಿಯುತ್ತದೆ. ಅದರ ಮುಚ್ಚಳಕ್ಕೆ ನೀರು ತಾಗಿಸಬಾರದೆಂಬ ನೀಲಿ ಚೀಟಿ ಅಂಟಿಸಲೇಬೇಕು. ಮೊದಲು ಅದನ್ನು ಅಂಟಿಸುತ್ತಿದ್ದವರು ಜೋಕಿಮ್ ಅಂಕಲ್. ಕಡಲ ಗಾಳಿಗೆ ಚೀಟಿ ಏಳುತ್ತದೆಂದು ಬುತ್ತಿಯ ಕುಚ್ಚಲಕ್ಕಿ ಅನ್ನವನ್ನು ಹಿಸುಕಿ ಅಂಚಿಗೆ ಮೆತ್ತುತ್ತಿದ್ದರು. ಆಮೇಲೆ ಬೆರಳ ಗೆಣ್ಣಿನಿಂದ ಮುಚ್ಚಳಕ್ಕೆ ಟಣ್... ಟಣ್... ಟಣ್. ಅವರು ತೀರಿಕೊಂಡ ಮೇಲೆ ಯಾರೂ ಅನ್ನ ಮೆತ್ತಲಿಲ್ಲ.

ಆ ದಿನ ನೀಲಿ ಚೀಟಿ ಮುಗಿದಿತ್ತು. "ಮಾಮೂಲಿ ಚೀಟಿ ಹಾಕು, ಹಡಗು ತಪ್ಪುತ್ತದೆ" ಅಂದ ಮ್ಯಾನೇಜರ್. ರೋನಿ ಹಾಕಿದ. ಲಾರಿ ಅವನ ತಂಗಿಯ ಗಂಡ ಕ್ಲಾಯ್ಡ್‌ನದು. ಮಾಮೂಲಿ ಚೀಟಿ ನೋಡಿ ಅವನು ಟರ್ಪಾಲನ್ನೂ ಸರಿಯಾಗಿ ಕಟ್ಟಲಿಲ್ಲ. ಬೆಳಿಗ್ಗೆ ಹೊರಡುವುದು ಅಲ್ವಾ, ಗೋದಾಮಿನ ಅಂಗಳದಲ್ಲಿ ಲಾರಿಯಲ್ಲೇ ಮಲಗಿದ.

ರೋನಿ ಮನೆಗೆ ನಡೆದ. ದಾರಿಯ ಹಳೇ ಬಾವಿಯ ಹತ್ತಿರ ಬರುವಾಗ ಮಳೆ ಶುರುವಾಯಿತು. ಬಾವಿಯೊಳಗಿಂದ... ಟಣ್... ಟಣ್... ಟಣ್.

"ರೋನಿ... ಎಂತ ಚೀಟಿ ಹಾಕಿದ್ದು?"

ಜೋಕಿಮ್ ಅಂಕಲ್ ಸ್ವರ! ಅವರ ಸಮಾಧಿಯ ಗುಂಡಿಗೆ ಮಣ್ಣು ಹಾಕಿದವ ಇವನೇ.

"ಮಾಮೂಲಿದು..."

"ಹುಡುಗ ಲಾರಿಯಲ್ಲಿದ್ದಾನಲ್ವಾ?"

ರೋನಿ ತಿರುಗಿ ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಲಾರಿಯ ಹಿಂದಿನಿಂದ ಸುಸ್ಸ್... ಸುಸ್ಸ್... ಬೆಳ್ಳುಳ್ಳಿಯಂಥ ನಾತ. ಮುಂದಿನ ಬಾಗಿಲು ಎಳೆದರೆ ಕ್ಲಾಯ್ಡ್ ಇಲ್ಲ!

"ಕ್ಲಾಯ್ಡ್!"

"ಇಲ್ಲಿದ್ದೇನೆ..." ಗೇಟಿನ ಆಚೆಯಿಂದ ಪಿಸುದನಿ. "ಒಬ್ಬರು ಅಜ್ಜ ಬಾಗಿಲು ಬಡಿದು, ಇಳಿ, ದೂರ ಹೋಗು ಅಂದರು. ಯಾರು ಭಾವ ಅವರು?"

ರೋನಿ ಗೇಟು ದಾಟಿದ್ದಷ್ಟೇ... ಢಂ! ಡ್ರಮ್ಮಿನ ಮುಚ್ಚಳ ಹಾರಿ, ಲಾರಿಯ ಹಿಂದಿನ ಗಾಜು ಒಡೆದು, ಕ್ಲಾಯ್ಡ್‌ನ ದಿಂಬಿನ ಮೇಲೆ ಬಿತ್ತು. ರೋನಿ ಅಲ್ಲೇ ಕೂತು ಮಕ್ಕಳ ಹಾಗೆ ಅತ್ತ.

ಬೆಳಿಗ್ಗೆ ನಾನೇ ಹೋಗಿ ನೋಡಿದ್ದೇನೆ. ಸುಳ್ಳು ಹೇಳಿ ನನಗೆ ಎಂತ ಸಿಗಲಿಕ್ಕುಂಟು? ಇಡೀ ಗೋದಾಮಿನಲ್ಲಿ ಒಂದೂ ಇಲ್ಲದ ನೀಲಿ ಚೀಟಿ, ದಿಂಬಿನ ಮೇಲಿನ ಆ ಮುಚ್ಚಳದಲ್ಲಿತ್ತು. ಅಂಚನ್ನು ಮುಟ್ಟಿದೆ. ಕುಚ್ಚಲಕ್ಕಿ ಅನ್ನ... ಇನ್ನೂ ಹಸಿ ಇತ್ತು.